ಪದಗಳ ಸಹವಾಸ

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸೇರಬಯಸುವ ವಿದೇಶಿ ವಿದ್ಯಾರ್ಥಿಗಳ ಇಂಗ್ಲಿಷನ್ನು ಅಳೆಯುವ ಟೋಫೆಲ್ ಪರೀಕ್ಷೆ ಶುರುವಾದದ್ದು 1964ರಲ್ಲಿ. ಅದರ ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಪದ ಕೊಟ್ಟು, ಕೆಳಗಿನ ನಾಲ್ಕರಲ್ಲಿ ಅದಕ್ಕೆ ಅತಿ ಹತ್ತಿರದ ಅರ್ಥವುಳ್ಳದ್ದನ್ನು ಗುರುತಿಸಿ ಎಂದು ಕೇಳುತ್ತಿದ್ದರು. ಥಾಮಸ್ ಲಾಂಡವರ್ ಮತ್ತು ಸೂಸನ್ ಡ್ಯೂಮೇ ಎಂಬ ಸಂಶೋಧಕರು ಇಂಥ 80 ಪ್ರಶ್ನೆಗಳನ್ನು ಒಂದು ಕಂಪ್ಯೂಟರ್ ಪ್ರೋಗ್ರಾಮಿನ ಮುಂದಿಟ್ಟರು. 1997ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಅದು ತೆಗೆದ ಅಂಕ ಶೇಕಡಾ 64.4. ಇಂಗ್ಲಿಷ್ ಮನೆಮಾತಲ್ಲದ, ಅದೇ ಪ್ರಶ್ನೆಗಳಿಗೆ ಉತ್ತರಿಸಿದ್ದ ನಿಜವಾದ ಅಭ್ಯರ್ಥಿಗಳ ಸರಾಸರಿ ಶೇಕಡಾ 64.5.

ಇವತ್ತಿನ ಕಂಪ್ಯೂಟರುಗಳ ಆಟ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಆ ಪ್ರೋಗ್ರಾಮಿಗೆ ನಿಘಂಟು ಕೊಟ್ಟಿರಲಿಲ್ಲ, ವ್ಯಾಕರಣ ಹೇಳಿಕೊಟ್ಟಿರಲಿಲ್ಲ, ಯಾವ ಪದಕ್ಕೆ ಏನರ್ಥ ಎಂದು ಯಾರೂ ತಿಳಿಸಿರಲಿಲ್ಲ. ಒಂದು ವಿಶ್ವಕೋಶದ 30 ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಅದಕ್ಕೆ ಉಣಿಸಿದ್ದರು, ಅಷ್ಟೆ. ಯಾವ ಪದ ಯಾವ ಲೇಖನದಲ್ಲಿ ಎಷ್ಟು ಸಲ ಬಂದಿದೆ ಎಂದು ಅದು ಲೆಕ್ಕ ಹಾಕಿಕೊಂಡಿತು. ಒಂದೇ ಬಗೆಯ ಪದಗಳ ಜೊತೆ ಓಡಾಡುವ ಎರಡು ಪದಗಳಿಗೆ ಅರ್ಥವೂ ಹತ್ತಿರವಿರಬೇಕು ಎಂಬುದೊಂದೇ ಅದಕ್ಕಿದ್ದ ತಿಳಿವಳಿಕೆ. ಅಷ್ಟರಿಂದಲೇ ಅದು ಅಮೆರಿಕಕ್ಕೆ ಹೊರಟ ಸರಾಸರಿ ವಿದ್ಯಾರ್ಥಿಯ ಸಮಕ್ಕೆ ಬಂತು.

ಪದದ ಅರ್ಥ ಅದರ ಸಹವಾಸದಲ್ಲಿದೆ ಎಂಬ ಮಾತನ್ನು 1950ರ ದಶಕದಲ್ಲೇ ಗಟ್ಟಿಯಾಗಿ ಹೇಳಿದವರು ಲಂಡನ್ನಿನ ಭಾಷಾಶಾಸ್ತ್ರಜ್ಞ ಜೆ. ಆರ್. ಫರ್ತ್. ಅದಕ್ಕೂ ಎಷ್ಟೋ ಮುಂಚೆ, 1919ರಿಂದ ಸುಮಾರು ಒಂಬತ್ತು ವರ್ಷ ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ನಮ್ಮ ಕಡೆಯ ಹುಡುಗರು ಇಂಗ್ಲಿಷ್ ಪದಗಳನ್ನು ಹೇಗೆ ಬಳಸುತ್ತಾರೆಂಬುದನ್ನು ಅವರು ಕಣ್ಣಾರೆ ಕಂಡಿರಬೇಕು ಎಂಬುದು ನನ್ನ ಊಹೆ ಮಾತ್ರ.

ಇಂಗ್ಲಿಷ್ ಪರೀಕ್ಷೆಯಲ್ಲಿ ನಾವು ಎಡವುವ ಜಾಗ ಬಹುಮಟ್ಟಿಗೆ ಪದಗಳ ಈ ಸಹವಾಸವೇ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು, ದನಿಯೂ ಜೋರು, ಬಸ್ಸೂ ಜೋರು, ಕೆಲವು ಮನೆಗಳಲ್ಲಿ ಅತ್ತೆಯೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ದನಿ ‘ಲೌಡ್’, ಬಸ್ಸು ‘ಫಾಸ್ಟ್’. ಈ ನಾಲ್ಕು ಪದಗಳೂ ಹೈಸ್ಕೂಲು ಹುಡುಗನಿಗೆ ಗೊತ್ತು. ಯಾವುದು ಯಾರ ಪಕ್ಕ ಕೂರುತ್ತದೆ ಎಂಬುದು ಗೊತ್ತಿಲ್ಲದೆ ‘ಸ್ಟ್ರಾಂಗ್ ರೇನ್’ ಎಂದು ಬರೆದು ಬರುತ್ತಾನೆ. ಟೋಫೆಲ್ ಹಾಗೆಯೇ ಇಂಗ್ಲಿಷನ್ನು ಅಳೆಯುವ, 1989ರಿಂದ ನಡೆಯುತ್ತಿರುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಬರವಣಿಗೆಗೂ ಮಾತಿಗೂ ಅಂಕ ಕೊಡುವಾಗ ನಾಲ್ಕು ಅಳತೆಗೋಲುಗಳನ್ನು ಬಳಸುತ್ತಾರೆ. ಅವುಗಳಲ್ಲಿ ಒಂದು ಪದಸಂಪತ್ತು. ಅಂದರೆ ಆ ಭಾಗಗಳ ಕಾಲು ಪಾಲು ಅಂಕ ಇದಕ್ಕೆ. ಮೇಲಿನ ಬ್ಯಾಂಡುಗಳಲ್ಲಿ, ಎಂದರೆ ಅಂಕದ ಮೇಲಿನ ಹಂತಗಳಲ್ಲಿ, ಅವರು ನೋಡುವುದು ಪದ ಎಷ್ಟು ದೊಡ್ಡದು ಎಂದಲ್ಲ. ಪದ ತನ್ನ ಜೊತೆಗಾರರೊಂದಿಗೆ ಸಹಜವಾಗಿ ಬಂತೇ, ಸಂದರ್ಭಕ್ಕೆ ಹೊಂದಿತೇ ಎಂಬುದನ್ನು.

ಇಷ್ಟಾಗಿಯೂ ನಮ್ಮಲ್ಲಿ ತಯಾರಿ ಎಂದರೆ ಪಟ್ಟಿ. ಎಡಗಡೆ ಪದ, ಬಲಗಡೆ ಅರ್ಥ, ನಡುವೆ ಸ್ಕೇಲಿನಲ್ಲಿ ಎಳೆದ ಗೆರೆ. ಅಮೆರಿಕದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಜಿಆರ್‌ಇ ಪರೀಕ್ಷೆ ಬರೆಯುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿ ಬ್ಯಾರನ್ಸ್ ಪುಸ್ತಕ, ಅದರಲ್ಲಿ 3500 ಪದಗಳ ಅಕಾರಾದಿ ಪಟ್ಟಿ. ‘ಎ’ ಅಕ್ಷರದ ಪುಟಗಳು ಮಾಸಿ ಹರಿದುಹೋಗಿರುತ್ತಿದ್ದವು, ‘ಎಂ’ ಆಚೆಗಿನ ಪುಟಗಳಿಗೆ ಹೊಸ ಪುಸ್ತಕದ ವಾಸನೆಯೇ ಇರುತ್ತಿತ್ತು. ಆ ಪರೀಕ್ಷೆಯಲ್ಲಿ ಆಗ ವಿರುದ್ಧಾರ್ಥಕ ಪದಗಳನ್ನು ನೇರವಾಗಿ ಕೇಳುತ್ತಿದ್ದರು, ಹಾಗಾಗಿ ಪಟ್ಟಿಗೆ ಒಂದು ಬೆಲೆಯಿತ್ತು. 2011ರ ಆಗಸ್ಟ್‌ನಲ್ಲಿ ಆ ಪ್ರಶ್ನೆಗಳನ್ನೇ ಕೈಬಿಟ್ಟು, ವಾಕ್ಯದೊಳಗೆ ಕೂರುವ ಪದವನ್ನು ಕೇಳತೊಡಗಿದರು. ಟೋಫೆಲ್ ಕೂಡ ಬಿಡಿ ಪದಗಳ ವಿಭಾಗವನ್ನು ಕೈಬಿಟ್ಟು ಪದವನ್ನು ಓದಿನ ಭಾಗದೊಳಗೆ ಸೇರಿಸಿ ಎಷ್ಟೋ ಕಾಲವಾಯಿತು. ಪಟ್ಟಿಗಳು ಮಾತ್ರ ಇನ್ನೂ ಮಾರಾಟವಾಗುತ್ತಿವೆ. ಅಪರೂಪದ ಪದಕ್ಕೆ ಕೊಟ್ಟ ಹಣ ವಸೂಲಾಯಿತು ಎಂಬ ಭಾವನೆ ಬರಿಸುವ ಶಕ್ತಿಯಿದೆ. ‘ಅಸ್ಯೂಮ್’ ಪದವನ್ನು ಹೇಳಿಕೊಡುತ್ತೇವೆಂದರೆ ಯಾರು ಶುಲ್ಕ ಕಟ್ಟಿಯಾರು?

ಹಾಗಾದರೆ ಯಾವ ಪದಗಳನ್ನು ಕಲಿಯಬೇಕು? ಇದಕ್ಕೆ ಉತ್ತರ ಹೇಳುವುದು ಲೆಕ್ಕ.

1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ ತಲಾ ಸುಮಾರು 2000 ಪದಗಳ 500 ತುಣುಕುಗಳನ್ನು ಆರಿಸಿ, ಬ್ರೌನ್ ವಿಶ್ವವಿದ್ಯಾಲಯದಲ್ಲಿ ಹತ್ತು ಲಕ್ಷ ಪದಗಳ ಸಂಗ್ರಹವೊಂದನ್ನು ಕಟ್ಟಿದರು. ಅದರಲ್ಲಿ ‘ದಿ’ ಎಂಬ ಒಂದೇ ಪದದ ಪಾಲು ಶೇಕಡಾ 7ರ ಹತ್ತಿರ. ಎರಡನೆಯ ಸ್ಥಾನದ ‘ಆಫ್’ ಅದರ ಅರ್ಧದಷ್ಟು. ಅತಿ ಹೆಚ್ಚು ಬಳಕೆಯ 135 ಪದಗಳೇ ಒಟ್ಟು ಬರಹದ ಅರ್ಧ ಭಾಗವನ್ನು ತುಂಬಿದ್ದವು. ಇನ್ನೊಂದು ತುದಿಯಲ್ಲಿ, ಸಂಗ್ರಹದಲ್ಲಿದ್ದ ಭಿನ್ನ ಪದಗಳ ಅರ್ಧದಷ್ಟು ಬಂದದ್ದು ತಲಾ ಒಂದೇ ಒಂದು ಸಲ. ಹಾರ್ವರ್ಡಿನ ಜಾರ್ಜ್ ಜಿಫ್ 1930–40ರ ದಶಕಗಳಲ್ಲಿ ತೋರಿಸಿಕೊಟ್ಟ ನಿಯಮ ಇದು. ಕನ್ನಡವೂ ಸೇರಿ ಲೆಕ್ಕ ಹಾಕಿ ನೋಡಿದ ಭಾಷೆಗಳೆಲ್ಲ ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆಯುತ್ತವೆ: ಕೆಲವೇ ಪದಗಳಿಗೆ ಬಿಡುವಿಲ್ಲದ ದುಡಿತ, ಮಿಕ್ಕವು ಯಾವಾಗಲೋ ಒಮ್ಮೆ ತಲೆಹಾಕುತ್ತವೆ.

ಈ ಲೆಕ್ಕವನ್ನು ಪಾಠಕ್ಕೆ ಇಳಿಸಿದವರಲ್ಲಿ ಮೊದಲಿಗರಾದ ಮೈಕಲ್ ವೆಸ್ಟ್ ಕೆಲಸ ಮಾಡಿದ್ದು ಬಂಗಾಳದಲ್ಲಿ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಅವರು ಬಂಗಾಳಿ ಮಕ್ಕಳ ಇಂಗ್ಲಿಷ್ ವಾಚಿಕೆಗಳನ್ನು ಪರಿಶೀಲಿಸಿದರು. ಪುಟದ ತುಂಬ ಅಪರೂಪದ, ಹಳೆಗಾಲದ ಪದಗಳು, ಅವೂ ಗುಂಪಾಗಿ ಬಂದು ಮತ್ತೆ ಮುಖ ತೋರಿಸದೆ ಹೋಗುವಂಥವು. ವೆಸ್ಟ್ ಅವನ್ನು ತೆಗೆದು ಬಳಕೆಯ ಪದಗಳನ್ನು ಹಾಕಿದರು. ಹೊಸ ಪದಗಳ ನಡುವೆ ಸಾಕಷ್ಟು ಜಾಗ ಬಿಟ್ಟು, ಬಂದ ಪದ ಮತ್ತೆ ಮತ್ತೆ ಬರುವಂತೆ ಪಾಠಗಳನ್ನು ತಿದ್ದಿ ಬರೆದರು. 1953ರಲ್ಲಿ ಅವರು ಹೊರತಂದ ಸುಮಾರು 2000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’ ಇಂಗ್ಲಿಷ್ ಕಲಿಸುವವರಿಗೆ ದಶಕಗಳ ಕಾಲ ಅಡಿಗಲ್ಲಾಗಿತ್ತು.

ಎರಡು ಸಾವಿರ ಪದ ಗೊತ್ತಿದ್ದವರಿಗೆ ಸಾಮಾನ್ಯ ಬರಹದ ಹತ್ತು ಪದಗಳಲ್ಲಿ ಎಂಟಾದರೂ ಗೊತ್ತಿರುತ್ತವೆ. ಎಂಟು ಗೊತ್ತಿದ್ದರೆ ಇನ್ನೆರಡನ್ನು ಊಹಿಸಬಹುದಲ್ಲ ಎಂದು ತೋರುವುದು ಸಹಜ. ನ್ಯೂಜಿಲೆಂಡಿನ ಪಾಲ್ ನೇಷನ್ ಮತ್ತು ಅವರ ಸಹೋದ್ಯೋಗಿ ಮಾರ್ಸೆಲ್ಲಾ ಹು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದನ್ನು ಪರೀಕ್ಷಿಸಿದರು. ಒಂದು ಕತೆಯಲ್ಲಿ ಗೊತ್ತಿರದ ಪದಗಳ ಪ್ರಮಾಣವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿ ಓದಿಸಿದರು. ಶೇಕಡಾ 80ರಷ್ಟು ಪದ ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕತೆ ಸಮರ್ಪಕವಾಗಿ ಅರ್ಥವಾಗಲಿಲ್ಲ. 95ರಲ್ಲಿ ಕೆಲವರಿಗೆ ಆಯಿತು. ಹೆಚ್ಚಿನವರು ಆರಾಮವಾಗಿ ಓದಲು 98 ಬೇಕಿತ್ತು. ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಓದಿನ ಭಾಗಕ್ಕೆ ಇದನ್ನು ಅನ್ವಯಿಸಿ ನೋಡಿ. ಒಂದು ಗಂಟೆ, 40 ಪ್ರಶ್ನೆ, ಮೂರು ಲೇಖನ. ಮೂರೂ ಸೇರಿ ಹೆಚ್ಚೆಂದರೆ 2750 ಪದ. ಶೇಕಡಾ 95 ಗೊತ್ತಿದ್ದವರಿಗೆ ಅದರಲ್ಲಿ 137 ಕಡೆ ಕಾಲು ತೊಡರುತ್ತದೆ, 98 ಗೊತ್ತಿದ್ದವರಿಗೆ 55 ಕಡೆ. ಸಮಯ ಸಾಲಲಿಲ್ಲ ಎಂದು ಹೊರಬರುವವರಲ್ಲಿ ಅನೇಕರಿಗೆ ಸಾಲದೆ ಬಂದದ್ದು ಪದಗಳು.

98 ಮುಟ್ಟಲು ಎಷ್ಟು ಪದ ಬೇಕು? ನೇಷನ್ 2006ರಲ್ಲಿ ಲೆಕ್ಕ ಹಾಕಿದ ಪ್ರಕಾರ ಕಾದಂಬರಿ, ಪತ್ರಿಕೆಗಳಿಗೆ ಎಂಟರಿಂದ ಒಂಬತ್ತು ಸಾವಿರ ಪದ-ಕುಟುಂಬಗಳು. ಕೇಳಿ ಅರ್ಥಮಾಡಿಕೊಳ್ಳಲು ಆರರಿಂದ ಏಳು ಸಾವಿರ. ಕುಟುಂಬ ಎಂದರೆ ನಮ್ಮ ಓದು, ಓದುಗ, ಓದಿಸು, ಓದುವಿಕೆ ಇವೆಲ್ಲ ಸೇರಿ ಒಂದು. ಸಂಖ್ಯೆ ನೋಡಿ ಹೌಹಾರಬೇಕಿಲ್ಲ. ಕಾಲೇಜನ್ನು ಇಂಗ್ಲಿಷಿನಲ್ಲಿ ಮುಗಿಸಿದವರ ಬಳಿ ಇವುಗಳಲ್ಲಿ ಸಾಕಷ್ಟು ಆಗಲೇ ಇರುತ್ತವೆ. ಬಸ್ಸು, ಆಸ್ಪತ್ರೆ, ಬ್ಯಾಂಕು, ಮೊಬೈಲುಗಳ ಮೂಲಕ ಕನ್ನಡಕ್ಕೇ ಬಂದು ನೆಲೆಸಿರುವ ನೂರಾರು ಪದಗಳು ಪುಕ್ಕಟೆ. ಕೊರತೆ ಇರುವುದು ಮಧ್ಯದಲ್ಲಿ: ತೀರಾ ಬಳಕೆಯದೂ ಅಲ್ಲದ, ಅಪರೂಪದ್ದೂ ಅಲ್ಲದ ಪದಗಳಲ್ಲಿ. ನೇಷನ್ ಇದ್ದ ವೆಲಿಂಗ್ಟನ್ನಿನ ವಿಕ್ಟೋರಿಯಾ ವಿಶ್ವವಿದ್ಯಾಲಯದವರೇ ಆದ ಅವೆರಿಲ್ ಕಾಕ್ಸ್‌ಹೆಡ್ ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕೂ ಕ್ಷೇತ್ರಗಳ 35 ಲಕ್ಷ ಪದಗಳಷ್ಟು ಬರಹವನ್ನು ಜರಡಿ ಹಿಡಿದು, 2000ದಲ್ಲಿ 570 ಕುಟುಂಬಗಳ ಒಂದು ಶೈಕ್ಷಣಿಕ ಪದಪಟ್ಟಿಯನ್ನು ಕೊಟ್ಟರು. ಅಸ್ಯೂಮ್, ಡಿರೈವ್, ಸಿಗ್ನಿಫಿಕೆಂಟ್, ಕಾನ್ಸೆಪ್ಟ್ ಜಾತಿಯವು. ವೆಸ್ಟರ 2000ದ ಹೊರಗಿರುವ ಈ 570 ಕುಟುಂಬಗಳೇ ಶೈಕ್ಷಣಿಕ ಬರಹದ ಹತ್ತರಲ್ಲೊಂದು ಪಾಲು. ಕತೆ ಕಾದಂಬರಿಗಳಲ್ಲಿ ಶೇಕಡಾ ಒಂದೂವರೆಯನ್ನೂ ದಾಟುವುದಿಲ್ಲ. ಪಟ್ಟಿಯೇ ಬೇಕೆನ್ನುವವರಿಗೆ ನಾನು ಕೊಡುವ ಪಟ್ಟಿ ಇದು.

ಕೊಟ್ಟದ್ದು ತಲೆಯಲ್ಲಿ ನಿಲ್ಲಬೇಕಲ್ಲ. ಅದರ ಕತೆಗೆ 1880ರ ಆಸುಪಾಸಿನ ಜರ್ಮನಿಗೆ ಹೋಗಬೇಕು. ಹರ್ಮನ್ ಎಬ್ಬಿಂಗ್‌ಹೌಸ್ ಎಂಬಾತ ಅರ್ಥವಿಲ್ಲದ ಸುಮಾರು 2300 ಅಕ್ಷರಗುಚ್ಛಗಳನ್ನು ಹುಟ್ಟಿಸಿ, ಅವನ್ನು ತಾನೇ ಬಾಯಿಪಾಠ ಮಾಡಿ, ತಾನೇ ಮರೆತು, ಮರೆವನ್ನು ಅಳೆದ. ಪ್ರಯೋಗಕ್ಕೆ ಒಳಗಾದವನು ಅವನೊಬ್ಬನೇ. ಅವನ ಅಳತೆಯೂ ಜಾಣತನದ್ದು: ಎಷ್ಟು ನೆನಪಿದೆ ಎಂದು ಕೇಳಿಕೊಳ್ಳುವ ಬದಲು, ಮರೆತದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಎಷ್ಟು ಶ್ರಮ ಉಳಿಯಿತು ಎಂದು ನೋಡಿದ. ಇಪ್ಪತ್ತು ನಿಮಿಷ ಕಳೆದು ಕೂತರೆ ಶೇಕಡಾ 58 ಉಳಿತಾಯ, ಒಂದು ಗಂಟೆಗೆ 44, ಒಂದು ದಿನಕ್ಕೆ ಸುಮಾರು 34, ಒಂದು ತಿಂಗಳಿಗೆ 21. 1885ರ ಅವನ ಪುಸ್ತಕದ ಈ ಅಂಕಿಗಳನ್ನು ಕಂಡು ಎಲ್ಲರೂ ಮರೆವಿನ ವೇಗಕ್ಕೆ ಗಾಬರಿಯಾಗುತ್ತಾರೆ. ನನಗೆ ಅದರ ಬಾಲವೇ ಹೆಚ್ಚು ಕುತೂಹಲದ್ದು. ಅರ್ಥವೇ ಇಲ್ಲದ ಸರಕಿನಲ್ಲೂ ತಿಂಗಳಾದ ಮೇಲೆ ಐದನೇ ಒಂದು ಭಾಗದ ಶ್ರಮ ಉಳಿದಿತ್ತು. ಅದೇ ಪುಸ್ತಕದಲ್ಲಿ ಇನ್ನೊಂದು ಅಂಕಿಯಿದೆ. ಒಂದೇ ದಿನ ಕೂತು 68 ಸಲ ಉರು ಹೊಡೆದಾಗ ಸಿಕ್ಕ ಫಲ, ಮೂರು ದಿನಕ್ಕೆ ಹಂಚಿ 38 ಸಲ ಓದಿದಾಗಲೂ ಸಿಕ್ಕಿತು.

ಹಂಚಿದರೆ ಯಾಕೆ ನಿಲ್ಲುತ್ತದೆ? ಮಿದುಳಿನ ಒಳಮಗ್ಗುಲಲ್ಲಿರುವ ಹಿಪೊಕ್ಯಾಂಪಸ್ ಹೊಸ ನೆನಪನ್ನು ಮೊದಲು ಹಿಡಿಯುವ ಜಾಗ. ಅಪಸ್ಮಾರದ ಚಿಕಿತ್ಸೆಗೆಂದು 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ ಯುವಕನ ಮಿದುಳಿನ ಎರಡೂ ಬದಿಯ ಆ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಅವನ ಮಾತು ಕೆಡಲಿಲ್ಲ, ಹಳೆಯ ಪದಗಳೆಲ್ಲ ಇದ್ದವು. ಆದರೆ ಆಮೇಲೆ ಇಂಗ್ಲಿಷಿಗೆ ಬಂದ ಪದಗಳು ಅವನಿಗೆ ಬಹುಮಟ್ಟಿಗೆ ಅಪರಿಚಿತವಾಗಿಯೇ ಉಳಿದವು. ಹಳೆಯ ಪದಗಳು ಇರುವುದು ಬೇರೆಡೆ, ಮಿದುಳಿನ ಹೊರಪದರದ ಜಾಲದಲ್ಲಿ, ಮತ್ತು ಹೊಸದು ಅಲ್ಲಿಗೆ ದಾಟಲು ಸಮಯ ಹಿಡಿಯುತ್ತದೆ ಎಂಬುದಕ್ಕೆ ಇದೊಂದು ಸುಳಿವು. ಬ್ರಿಟನ್ನಿನ ಗ್ಯಾರೆತ್ ಗ್ಯಾಸ್ಕೆಲ್ ಮತ್ತು ನಿಕೊಲಾ ಡ್ಯುಮೆ ಈ ದಾಟುವಿಕೆಯನ್ನೇ ಹಿಡಿದು ತೋರಿಸಿದರು. ‘ಕೆಥೀಡ್ರಲ್’ ಎಂಬ ಪದವನ್ನು ಹೋಲುವ ‘ಕೆಥೀಡ್ರೂಕ್’ ಎಂಬಂಥ ಸುಳ್ಳು ಪದಗಳನ್ನು ಜನರಿಗೆ ಕಲಿಸಿದರು. ಕಲಿತ ಕೂಡಲೆ ಅವರು ಆ ಪದವನ್ನು ಗುರುತಿಸುತ್ತಿದ್ದರೇನೋ ಸರಿ, ಆದರೆ ಅದು ತಲೆಯಲ್ಲಿದ್ದ ನಿಜವಾದ ಪದದ ಗೊಡವೆಗೆ ಹೋಗುತ್ತಿರಲಿಲ್ಲ. ಸಂಜೆ ಕಲಿತು ಮಲಗಿ ಎದ್ದವರಲ್ಲಿ ಮಾತ್ರ, ಹೊಸ ಪದ ಹಳೆಯದಕ್ಕೆ ಪೈಪೋಟಿ ಕೊಡತೊಡಗಿತು. ಬೆಳಗ್ಗೆ ಕಲಿತು ಅಷ್ಟೇ ಗಂಟೆ ಎಚ್ಚರವಿದ್ದವರಲ್ಲಿ ಹಾಗಾಗಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರು, ಓದಿದ್ದನ್ನು ಒಳಗೆ ಸೇರಿಸುವ ಹೊತ್ತನ್ನೇ ಕಳೆದುಕೊಳ್ಳುತ್ತಿದ್ದಾರೆ.

ಇನ್ನು ಪುನರಾವರ್ತನೆ. ನಾವು ಅದನ್ನು ಕಣ್ಣಿನಿಂದ ಮಾಡುತ್ತೇವೆ: ಪಟ್ಟಿಯ ಮೇಲೆ ದೃಷ್ಟಿ ಓಡಿಸಿ, ಹೂಂ ಗೊತ್ತು, ಹೂಂ ಗೊತ್ತು ಎಂದುಕೊಂಡು ಪುಟ ತಿರುವುವುದು. ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಈ ಅಭ್ಯಾಸಕ್ಕೆ ಬಿದ್ದ ದೊಡ್ಡ ಪೆಟ್ಟು. ಅಮೆರಿಕನ್ ವಿದ್ಯಾರ್ಥಿಗಳಿಗೆ ಸ್ವಾಹಿಲಿಯ 40 ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಒಂದು ಪದದ ಅರ್ಥವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆ, ಕೆಲವರಿಗೆ ಆ ಪದವನ್ನು ಮತ್ತೆ ಓದಿಸಿದರು ಆದರೆ ಕೇಳಲಿಲ್ಲ. ಇನ್ನು ಕೆಲವರಿಗೆ ಓದಿಸುವುದನ್ನು ಬಿಟ್ಟು ಕೇಳುತ್ತಲೇ ಹೋದರು. ವಾರ ಕಳೆದು ನೋಡಿದರೆ, ಪ್ರಶ್ನೆಗೆ ಉತ್ತರಿಸುತ್ತ ಹೋದವರಿಗೆ ಶೇಕಡಾ 80ರಷ್ಟು ನೆನಪಿತ್ತು, ಬರೀ ಓದಿದವರಿಗೆ 36ರ ಆಸುಪಾಸು. ಅದಕ್ಕಿಂತ ಸೋಜಿಗವೆಂದರೆ, ವಾರದ ನಂತರ ನಿಮಗೆಷ್ಟು ನೆನಪಿದ್ದೀತು ಎಂದು ಮೊದಲೇ ವಿಚಾರಿಸಿದಾಗ ಎಲ್ಲ ಗುಂಪಿನವರೂ ಅರ್ಧದಷ್ಟು ಎಂದೇ ಹೇಳಿದ್ದರು. ಯಾವುದರಿಂದ ಕಲಿಯುತ್ತಿದ್ದೇವೆ ಎಂಬುದು ಕಲಿಯುವವರಿಗೇ ತಿಳಿಯುವುದಿಲ್ಲ. ಹಿಂದೆ ಜಗಲಿಯ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಅಜ್ಜಂದಿರಿಗೆ ಪ್ರಯೋಗಾಲಯ ಇರಲಿಲ್ಲ. ಆದರೂ ‘ಓದು’ ಎನ್ನುವುದಕ್ಕಿಂತ ‘ಒಪ್ಪಿಸು’ ಎನ್ನುವುದೇ ಅವರ ಬಾಯಲ್ಲಿ ಹೆಚ್ಚು ಬರುತ್ತಿತ್ತು.

ಒಪ್ಪಿಸುವುದನ್ನೂ ಹಂಚುವುದನ್ನೂ ಒಟ್ಟುಗೂಡಿಸಲು ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ರಟ್ಟಿನ ಪೆಟ್ಟಿಗೆಯೊಂದನ್ನು ಸೂಚಿಸಿದ. ಅದರಲ್ಲಿ ಕೆಲವು ಖಾನೆಗಳು. ಸರಿಯಾಗಿ ಹೇಳಿದ ಪದದ ಚೀಟಿ ಮುಂದಿನ ಖಾನೆಗೆ, ಅಲ್ಲಿ ಅದರ ಸರದಿ ತಡವಾಗಿ ಬರುತ್ತದೆ. ತಪ್ಪಿದ್ದು ಮತ್ತೆ ಮೊದಲ ಖಾನೆಗೆ. ಪೋಲೆಂಡಿನ ಪೀಟರ್ ವೋಜ್ನಿಯಾಕ್ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷ್ ಪದಗಳು ತಲೆಯಲ್ಲಿ ನಿಲ್ಲದೆ ರೋಸಿಹೋಗಿ, ತನ್ನದೇ ಮರೆವಿನ ಲೆಕ್ಕವಿಟ್ಟು, 1987ರಲ್ಲಿ ಸೂಪರ್‌ಮೆಮೊ ಎಂಬ ಪ್ರೋಗ್ರಾಮ್ ಬರೆದ. 2006ರಲ್ಲಿ ಬಂದ ಆ್ಯಂಕಿ ಇದೇ ವಂಶದ್ದು. ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಬೇರೆಯವರು ಮಾಡಿಟ್ಟ ಸಿದ್ಧ ಚೀಟಿಗಳ ಗಂಟನ್ನು ಇಳಿಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಅದು ಮತ್ತೆ ಸಹವಾಸವಿಲ್ಲದ ಪಟ್ಟಿಯೇ. ನೀವು ಓದಿದ ಲೇಖನದಲ್ಲಿ, ಕೇಳಿದ ಭಾಷಣದಲ್ಲಿ ಎದುರಾದ ಪದವನ್ನು ಅದು ಕೂತಿದ್ದ ವಾಕ್ಯದ ಸಮೇತ ಎತ್ತಿಟ್ಟುಕೊಂಡರೆ, ಚೀಟಿ ತಿರುಗಿಸುವ ಮುನ್ನವೇ ಪದ ತನ್ನ ಜೊತೆಗಾರರನ್ನು ಕರೆದುಕೊಂಡು ಬರುತ್ತದೆ.

ಕೆಲವು ಪದಗಳು ಎಷ್ಟು ಮಾಡಿದರೂ ಒಗ್ಗುವುದಿಲ್ಲ. ಅವಕ್ಕೊಂದು ಒಳದಾರಿಯಿದೆ. 1975ರಲ್ಲಿ ರಿಚರ್ಡ್ ಆಟ್ಕಿನ್ಸನ್ ಮತ್ತು ಮೈಕಲ್ ರಾ ಅಮೆರಿಕನ್ ವಿದ್ಯಾರ್ಥಿಗಳಿಗೆ 120 ರಷ್ಯನ್ ಪದಗಳನ್ನು ಕಲಿಸುವಾಗ, ಅರ್ಧ ಜನರಿಗೆ ಪ್ರತಿ ಪದದ ಸದ್ದಿಗೆ ಹೋಲುವ ಇಂಗ್ಲಿಷ್ ಪದವೊಂದನ್ನು ಕೊಟ್ಟು, ಅದನ್ನೂ ಅರ್ಥವನ್ನೂ ಸೇರಿಸಿ ಮನಸ್ಸಿನಲ್ಲಿ ಒಂದು ಚಿತ್ರ ಕಟ್ಟಿಕೊಳ್ಳಲು ಹೇಳಿದರು. ಅವರಿಗೆ ಶೇಕಡಾ 72 ನೆನಪಾಯಿತು, ಉಳಿದವರಿಗೆ 46. ಆರು ವಾರಗಳ ಮೇಲೆ 43 ಮತ್ತು 28. ಕನ್ನಡಿಗರಿಗೆ ಇದು ಇನ್ನೂ ಸುಲಭ, ಏಕೆಂದರೆ ನಮ್ಮ ಕಿವಿ ಎರಡೂ ಭಾಷೆಗಳಲ್ಲಿ ಪಳಗಿದೆ. ‘ಹ್ಯಾಗಲ್’ ಎಂದರೆ ಚೌಕಾಸಿ: ಮಾರುವವನೂ ಕೊಳ್ಳುವವಳೂ ಒಂದು ಹಗ್ಗವನ್ನು ಆಚೀಚೆ ಜಗ್ಗುತ್ತಿದ್ದಾರೆ. ‘ಮಿಟಿಗೇಟ್’ ಎಂದರೆ ತೀವ್ರತೆ ತಗ್ಗಿಸು: ನುಗ್ಗುವ ನೀರಿಗೆ ಮಿತಿ ಹಾಕುವ ಒಂದು ಗೇಟು. ಚಿತ್ರ ಎಷ್ಟು ಹುಚ್ಚುಚ್ಚಾಗಿದ್ದರೂ ಸರಿ, ಯಾರಿಗೂ ಹೇಳಬೇಕಿಲ್ಲ. ಆದರೆ ಇದು ಅರ್ಥವನ್ನು ಹಿಡಿದಿಡುವ ಕೊಕ್ಕೆ ಮಾತ್ರ, ಬಳಕೆಯನ್ನು ಕಲಿಸುವುದಿಲ್ಲ. 570 ಪದಗಳಿಗೂ ಗೇಟು ಕಟ್ಟಲು ಹೊರಡಬೇಡಿ.

ಸಮಾನಾರ್ಥಕ ಪದಗಳನ್ನು ಗುಡ್ಡೆ ಹಾಕಿ ಕಲಿಯುವುದು ಕೋಚಿಂಗ್ ಕೇಂದ್ರಗಳ ಇನ್ನೊಂದು ಪ್ರೀತಿಯ ದಾರಿ: ‘ಕೋಪ’ಕ್ಕೆ ಹತ್ತು ಪದ, ‘ಜಿಪುಣ’ನಿಗೆ ಎಂಟು. ಥಾಮಸ್ ಟಿಂಕಮ್ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಅರ್ಥವಲಯಕ್ಕೆ ಸೇರಿದ ಹೊಸ ಪದಗಳನ್ನು ಒಟ್ಟಿಗೆ ಕಲಿಯಲು ಸಂಬಂಧವಿಲ್ಲದವನ್ನು ಕಲಿಯುವುದಕ್ಕಿಂತ ಹೆಚ್ಚು ಸುತ್ತು ಬೇಕಾಯಿತು. ಒಂದರ ಅರ್ಥ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತದೆ. ಅಮರಕೋಶವೂ ಸಮಾನಾರ್ಥಕಗಳ ಗುಡ್ಡೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅಲ್ಲಿ ಛಂದಸ್ಸು ಒಂದೊಂದು ಪದವನ್ನೂ ಅದರದರ ಜಾಗದಲ್ಲಿ ಕಟ್ಟಿಹಾಕಿತ್ತು, ವರ್ಷಗಟ್ಟಲೆ ಹೇಳಿಸುವ ಗುರುವೂ ಇದ್ದ. ಎಂಟು ವಾರದ ಕ್ರ್ಯಾಶ್ ಕೋರ್ಸಿನಲ್ಲಿ ಎರಡೂ ಇಲ್ಲ.

ಹಂಚಿ ಓದುವಾಗ ಒಂದು ಓದಿಗೂ ಇನ್ನೊಂದಕ್ಕೂ ಅಂತರ ಎಷ್ಟಿರಬೇಕು ಎಂಬುದು ಪರೀಕ್ಷೆ ಎಷ್ಟು ದೂರವಿದೆ ಎಂಬುದನ್ನು ಅವಲಂಬಿಸುತ್ತದೆ. ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ 1350ಕ್ಕೂ ಹೆಚ್ಚು ಜನರನ್ನು ಒಳಗೊಂಡ ಪ್ರಯೋಗದಲ್ಲಿ ಇದನ್ನು ಅಳೆದರು. ಎರಡನೆಯ ಓದು ಮುಗಿದ ವಾರಕ್ಕೆ ಪರೀಕ್ಷೆಯಿದ್ದರೆ, ಮೊದಲ ಓದಿಗೂ ಎರಡನೆಯದಕ್ಕೂ ನಡುವೆ ಒಂದು ದಿನ ಬಿಡುವುದು ಎಲ್ಲಕ್ಕಿಂತ ಲಾಭದಾಯಕ. 35 ದಿನಕ್ಕಾದರೆ 11 ದಿನ, 70 ದಿನಕ್ಕಾದರೆ ಮೂರು ವಾರ. ಅಂದರೆ ಪರೀಕ್ಷೆಯ ದಿನವನ್ನು ಕಾಯ್ದಿರಿಸುವಾಗಲೇ ಪದಗಳ ಕೆಲಸ ಶುರುವಾಗಬೇಕು. ನಾಲ್ಕು ತಿಂಗಳಿದ್ದರೆ ಹೊಸ ಪದಗಳ ಭಾರವನ್ನು ಮೊದಲ ಎರಡೂವರೆ ತಿಂಗಳಿಗೆ ಹಾಕಿ, ಆಮೇಲೆ ಬಹುತೇಕ ಒಪ್ಪಿಸುವುದಷ್ಟನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೂ ದೂರ ನೋಡಿದವರಿದ್ದಾರೆ. ಓಹಾಯೋದ ಮನೋವಿಜ್ಞಾನಿ ಹ್ಯಾರಿ ಬಾರಿಕ್, ಅವರ ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳು ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡು ತಲಾ 300 ವಿದೇಶಿ ಪದಗಳನ್ನು ಕಲಿತರು. ಕೆಲವನ್ನು 14 ದಿನಕ್ಕೊಮ್ಮೆ, ಕೆಲವನ್ನು 28ಕ್ಕೊಮ್ಮೆ, ಕೆಲವನ್ನು 56 ದಿನಕ್ಕೊಮ್ಮೆ. 1993ರಲ್ಲಿ ನಾಲ್ವರೂ ಸೇರಿ ಫಲಿತಾಂಶ ಪ್ರಕಟಿಸಿದಾಗ ಒಂಬತ್ತು ವರ್ಷ ಕಳೆದಿತ್ತು. 56 ದಿನದ ಅಂತರ ಬಹಳ ಬೇಸರದ್ದು. ಪ್ರತಿ ಸಲ ಕೂತಾಗಲೂ ಕಳೆದ ಸಲದ್ದು ಹೆಚ್ಚು ಮರೆತಿರುತ್ತದೆ, ಕಲಿಕೆ ಕುಂಟುತ್ತದೆ. ಆದರೆ ಆ ಅಂತರದಲ್ಲಿ 13 ಸಲ ಕೂತು ಕಲಿತದ್ದು ಎಷ್ಟು ಉಳಿಯಿತೋ, 14 ದಿನದ ಅಂತರದಲ್ಲಿ ಅಷ್ಟನ್ನು ಉಳಿಸಲು 26 ಸಲ ಕೂರಬೇಕಾಯಿತು. ಕಲಿಕೆ ಮುಗಿದ ಮೇಲೆ ಈ ಅಳತೆ ಐದು ವರ್ಷದವರೆಗೂ ನಡೆದಿತ್ತು. ಐಇಎಲ್‌ಟಿಎಸ್, ಟೋಫೆಲ್ ಅಂಕಪಟ್ಟಿಗಳಿಗಿರುವ ಮಾನ್ಯತೆ ಎರಡು ವರ್ಷ. ಅಷ್ಟು ಹೊತ್ತಿಗೆ ಮಂಗಳೂರಿನಲ್ಲಿ ಓದಿದ ನರ್ಸ್ ಬರ್ಮಿಂಗ್‌ಹ್ಯಾಮಿನ ಯಾವುದೋ ವಾರ್ಡಿನಲ್ಲಿ ರಾತ್ರಿಪಾಳಿ ಮುಗಿಸಿ, ಬೆಳಗಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸುತ್ತಿರುತ್ತಾಳೆ. ಅಲ್ಲಿ ಬ್ಯಾಂಡನ್ನು ಯಾರೂ ಕೇಳುವುದಿಲ್ಲ, ಪದಗಳು ಮಾತ್ರ ದಿನಾ ಬೇಕಾಗುತ್ತವೆ.